ಗೋಣಿ ತೂಗಿದ ಬಾಗಿಲು

ಭದ್ರಾವತಿಯ ಕಾರ್ಖಾನೆ ಲೈನಿನ ಸಾಲುಮನೆಗಳಲ್ಲಿ ಬಾಗಿಲಿಗೆ ಗೋಣಿ ತೂಗುತ್ತಿದೆ ಎಂದರೆ ಒಳಗೆ ಗಂಡಸು ಮಲಗಿದ್ದಾನೆ ಎಂದು ಅರ್ಥ. ಇದನ್ನು ಯಾರೂ ಕೂತು ಕಟ್ಟಳೆ ಮಾಡಿದ್ದಲ್ಲ. ಕಬ್ಬಿಣ ಕರಗಿಸುವ ಕುಲುಮೆಯ ಮುಂದೆ ನಿಲ್ಲುವವರು ಬೆಂಕಿಯ ಝಳ ತಡೆಯಲೆಂದು ಸೊಂಟಕ್ಕೆ ಒದ್ದೆ ಗೋಣಿ ಸುತ್ತಿಕೊಳ್ಳುತ್ತಿದ್ದರು. ರಾತ್ರಿ ಪಾಳಿ ಮುಗಿಸಿ ಬಂದವನು ಅದನ್ನು ಬಿಚ್ಚಿ ಬಾಗಿಲ ಮೇಲಿನ ಮೊಳೆಗೆ ಹಾಕಿ, ಎರಡು ತುತ್ತು ಉಂಡು ಚಾಪೆಯ ಮೇಲೆ ಬಿದ್ದುಕೊಳ್ಳುತ್ತಿದ್ದ. ಗೋಣಿ ತೂಗುತ್ತಿರುವಷ್ಟು ಹೊತ್ತು ಆ ಬಾಗಿಲ ಮುಂದೆ ಒನಕೆ ಹಾಕುವಂತಿಲ್ಲ, ಮಗು ಅತ್ತರೆ ಎತ್ತಿಕೊಂಡು ನಲ್ಲಿಯ ಕಡೆಗೆ ಓಡಬೇಕು, ಸೊಪ್ಪು ಮಾರುವವಳು ಕೂಡ ಬಾಯಿ ಮುಚ್ಚಿಕೊಂಡು ದಾಟಬೇಕು. ಮೂರು ಪಾಳಿಯ ಊರು. ಹಗಲು ಯಾವಾಗ ನೋಡಿದರೂ ಅರ್ಧ ಬಾಗಿಲುಗಳಿಗೆ ಗೋಣಿ. ಲೈನಿನ ಮಕ್ಕಳು ನಡೆಯುವ ಮೊದಲೇ ಪಿಸುಗುಟ್ಟುವುದನ್ನು ಕಲಿಯುತ್ತವೆ ಎಂದು ಹೊರಗಿನವರು ತಮಾಷೆ ಮಾಡುತ್ತಿದ್ದರು. ತಮಾಷೆ ಮಾಡುವವರಿಗೇನು, ಆ ಬೇಸಿಗೆಯಲ್ಲಿ ಅವರು ಅಲ್ಲಿ ಇರಬೇಕಾಗಿರಲಿಲ್ಲ.

ಓಬಯ್ಯ ಇರಬೇಕಾಗಿತ್ತು. ಹದಿನಾರು ವರ್ಷದ ಹುಡುಗ, ಶಿವಮೊಗ್ಗದಲ್ಲಿ ಚಿಕ್ಕಮ್ಮ ಬಂಗಾರಮ್ಮನ ಮನೆಯಲ್ಲಿದ್ದುಕೊಂಡು ಹೈಸ್ಕೂಲು ಓದುತ್ತಿದ್ದ. ಶನಿವಾರ ಸಂಜೆಯ ರೈಲಿಗೆ ಭದ್ರಾವತಿಗೆ ಬಂದು ಭಾನುವಾರ ಸಂಜೆ ವಾಪಸು ಹೋಗುವುದು ವಾಡಿಕೆ. ಇನ್ನೊಂದು ವರ್ಷ ದಾಟಿದರೆ ಮೆಟ್ರಿಕ್ಕು. ಲೈನಿನಲ್ಲಿ ಅಷ್ಟು ದೂರ ಓದಿದವರು ಇನ್ನೂ ಯಾರೂ ಇರಲಿಲ್ಲವಾದ್ದರಿಂದ ಅವನ ಅಪ್ಪ ಮಾರಪ್ಪನಿಗೆ ಒಳಗೊಳಗೇ ಹೆಮ್ಮೆ. ಬಾಯಿ ಬಿಟ್ಟು ಹೇಳುವ ಮನುಷ್ಯನಲ್ಲ.

ಹಿಂದಿನ ವರ್ಷದ ಬೇಸಿಗೆ ರಜೆಯನ್ನು ಓಬಯ್ಯ ಶಿವಮೊಗ್ಗದಲ್ಲೇ ಕಳೆದಿದ್ದ. ಅದು ರಜೆ ಎಂದರೆ ರಜೆ. ಬೆಳಿಗ್ಗೆ ಗಂಜಿ ಕುಡಿದು ಹೊರಟರೆ ತುಂಗೆಯ ಮಡುವಿನಲ್ಲಿ ಕಣ್ಣು ಕೆಂಪಾಗುವ ತನಕ ಈಜು. ಆಮೇಲೆ ಯಾರದೋ ತೋಟದ ಮಾವಿನಕಾಯಿ, ಸೊಂಟದಲ್ಲಿ ಕಟ್ಟಿಕೊಂಡು ತಂದ ಉಪ್ಪು ಖಾರ. ಬಾಡಿಗೆಗೆ ಒಂದು ಸೈಕಲ್ಲು ತಂದರೆ ಒಬ್ಬ ತುಳಿಯುವುದು, ನಾಲ್ವರು ಹಿಂದೆ ಕೂಗಿಕೊಂಡು ಓಡುವುದು. ಸಂಜೆ ಮರಳ ಮೇಲೆ ಚೆಡುಗುಡು. ಈಗಿನವರು ಕಬಡ್ಡಿ ಅನ್ನುತ್ತಾರಲ್ಲ, ಅದೇ. ಈ ಎಲ್ಲಕ್ಕೂ ಮುಂದಾಳು ಸವಳಂಗ ರಸ್ತೆಯ ರೈತರ ಮನೆಯ ಕೃಷ್ಣಪ್ಪ. ಅವನ ಗಂಟಲು ಎಂಥದ್ದೆಂದರೆ, ಡ್ರಿಲ್ ಮೇಷ್ಟ್ರಿಗೆ ನೆಗಡಿಯಾದ ದಿನ ಇಡೀ ಸ್ಕೂಲಿಗೆ ಅವನೇ ಅಟೆನ್ಷನ್ ಕೂಗುತ್ತಿದ್ದ. ಅವನ ಜೊತೆಯಲ್ಲಿ ಕೂಗಿ ಕೂಗಿ ಓಬಯ್ಯನ ಗಂಟಲೂ ಒಡೆದುಹೋಗಿತ್ತು. ಸುಖವಾದ ನೋವು ಅದು.

ಈ ವರ್ಷ ಅದೆಲ್ಲ ಇಲ್ಲ. ಪರೀಕ್ಷೆ ಮುಗಿಸಿ ಊರಿಗೆ ಬಂದಾಗ ಅಪ್ಪನ ಎಡಗಾಲಿಗೆ ಬಟ್ಟೆ ಸುತ್ತಿತ್ತು. ಕುಲುಮೆಯಿಂದ ಕರಗಿದ ಕಬ್ಬಿಣ ಹೊರಬಿಡುವಾಗ ಎಲ್ಲರೂ ಹಿಂದಕ್ಕೆ ಸರಿದರಂತೆ, ಮಾರಪ್ಪ ಮಾತ್ರ ಸರಿಯಲಿಲ್ಲವಂತೆ, ಕಿಡಿ ಹಾರಿ ಪಾದ ಸುಟ್ಟಿತಂತೆ. ನಿಂತಲ್ಲೇ ತೂಕಡಿಸಿಬಿಟ್ಟೆ ಎಂದು ಮಾರಪ್ಪನೇ ಒಪ್ಪಿಕೊಂಡಿದ್ದ. ಇನ್ನೊಂದು ಸಲ ಹೀಗಾದರೆ ಕುಲುಮೆಯ ಮುಂದೆ ನಿಲ್ಲಿಸುವುದಿಲ್ಲ, ಮನೆಗೆ ಕಳಿಸಿಬಿಡುತ್ತೇನೆ ಎಂದು ಮೇಸ್ತ್ರಿ ಎಲ್ಲರೆದುರು ಹೇಳಿದ್ದ. ಅಪ್ಪನ ಕೆಲಸ ಹೋದರೆ ಓಬಯ್ಯನ ಸ್ಕೂಲೂ ಹೋದಂತೆ. ಅದನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ.

"ಈ ರಜಾ ನೀನೆಲ್ಲೂ ಹೋಗ್ಬೇಡ ಕಣೋ ಮಗ," ಎಂದಿದ್ದಳು ತಾಯಿ ಕರಿಬಸಮ್ಮ. "ಹಗಲೊತ್ತು ಬಾಗಿಲಲ್ಲಿ ಕೂತ್ಕೊ. ಒಂದು ಸದ್ದು ಆಗಬಾರದು. ಕಾಗೆ ಕೂಗಿದ್ರೂ ಓಡಿಸು. ಅಪ್ಪ ಚೆನ್ನಾಗಿ ನಿದ್ದೆ ಮಾಡ್ಬೇಕು."

ಹಾಗಾಗಿ ಓಬಯ್ಯ ಕಾವಲು ಕೂತ. ಜಗಲಿಯ ಮೇಲೆ ಪಕ್ಕದಲ್ಲೊಂದು ಗುಡ್ಡೆ ಸಣ್ಣ ಕಲ್ಲು, ಹಂಚಿನ ಮೇಲೆ ಕೂರುವ ಕಾಗೆಗಳಿಗೆ. ಹೆಂಗಸರು ನೀರು ತರುವಾಗ ಕೊಡಗಳು ತಾಗದಂತೆ ಕೈಸನ್ನೆ. ಐಸು ಮಾರುವವನು ಗಂಟೆ ಎತ್ತುತ್ತಲೇ ಎದ್ದು ಓಡುವುದು. ಬಿಸಿಲು ಜಗಲಿಯ ಅಂಚಿನಿಂದ ಒಳಗೆ ಬರುತ್ತಿತ್ತು, ಮೊಣಕಾಲಿಗೆ ಬರುತ್ತಿತ್ತು, ಮುಖಕ್ಕೆ ಬರುತ್ತಿತ್ತು, ಅವನು ಅಲ್ಲೇ. ಕಾರ್ಖಾನೆಯ ಕರಿ ಧೂಳು ಕಣ್ಣಿನ ರೆಪ್ಪೆಯ ಮೇಲೆ ಕೂರುತ್ತಿತ್ತು. ಮಲಗಿದವನ ನಿದ್ದೆಯನ್ನು ಕಾಯುವವನಿಗೆ ಎಷ್ಟು ನಿದ್ದೆ ಬರುತ್ತದೆ ಎಂಬುದು ಕಾದವರಿಗೇ ಗೊತ್ತು. ಓಬಯ್ಯನಿಗೆ ಸಾಕುಸಾಕಾಗಿಹೋಗಿತ್ತು. ಅಪ್ಪನ ಮೇಲೆ ಸಿಟ್ಟೂ ಬರುತ್ತಿತ್ತು, ಸಿಟ್ಟು ಬಂತಲ್ಲ ಎಂದು ನಾಚಿಕೆಯೂ ಆಗುತ್ತಿತ್ತು.

ಮಾರಪ್ಪನ ಮನೆ ಲೈನಿನ ಕೊನೆಯದು. ಅದರ ಪಕ್ಕದ ಬಯಲಲ್ಲಿ ಒಂದು ಹೊಂಗೆ ಮರ, ಮರದ ಕೆಳಗೆ ಲೈನಿನ ಹುಡುಗರ ಚೆಡುಗುಡು. ಆ ಆಟ ಜಗತ್ತಿನಲ್ಲಿ ಬೇರೆಲ್ಲೂ ಇದ್ದಿರಲಾರದು. ಸದ್ದೇ ಇಲ್ಲದ ಚೆಡುಗುಡು. ದಾಳಿಗೆ ಹೋಗುವವನು 'ಚೆಡುಗುಡು ಚೆಡುಗುಡು' ಎಂದು ಬರೀ ತುಟಿಯಲ್ಲಿ ಆಡಿಸಬೇಕು, ಗಂಟಲಿನಿಂದ ಸೊಲ್ಲು ಹೊರಡಬಾರದು. ಉಸಿರು ಮುಗಿದರೆ ತಾನೇ ಕೈ ಎತ್ತಿ ಸೋತೆ ಅನ್ನಬೇಕು. ಎದುರಿನವರು ಅವನ ತುಟಿಯನ್ನೇ ನೋಡುತ್ತಿರುತ್ತಾರೆ. ಬಿದ್ದರೂ ಅಯ್ಯೋ ಎನ್ನುವಂತಿಲ್ಲ, ಗೆದ್ದರೂ ಹೋ ಎನ್ನುವಂತಿಲ್ಲ. ಓಬಯ್ಯ ಅದರಲ್ಲಿ ಚಿಕ್ಕಂದಿನಿಂದಲೂ ಗಟ್ಟಿಗ. ಈಗ ಮಾತ್ರ ಜಗಲಿಯಿಂದಲೇ ನೋಡುತ್ತಿದ್ದ.

ಆ ಮಧ್ಯಾಹ್ನ ಕರಿಬಸಮ್ಮ ನಲ್ಲಿಯ ಕಡೆಗೆ ಹೋಗಿದ್ದಳು. ಲೈನಿನ ತುದಿಯಲ್ಲಿ ಮೂವರು ಹುಡುಗರು ಕಾಣಿಸಿಕೊಂಡರು. ಮುಂದಿದ್ದವನ ಹೆಗಲ ಮೇಲೆ ಟವಲಿನ ಗಂಟು. ನಡಿಗೆಯಲ್ಲೇ ಗೊತ್ತಾಯಿತು, ಕೃಷ್ಣಪ್ಪ! ಹೇಳಿಲ್ಲ ಕೇಳಿಲ್ಲ, ರೈಲು ಹತ್ತಿ ಬಂದುಬಿಟ್ಟಿದ್ದಾನೆ. ಓಬಯ್ಯನ ಎದೆ ಒಮ್ಮೆಲೇ ಹಗುರಾಯಿತು, ಮರುಕ್ಷಣವೇ ಧಸಕ್ಕೆಂದಿತು. ಕೃಷ್ಣಪ್ಪ ಬಾಯಿ ತೆರೆಯುವ ಮೊದಲು ಅವನು ಬರಿಗಾಲಲ್ಲಿ ಓಡಿದ್ದ.

"ಏನೋ ಮಾರಾಯ, ಸತ್ತಿದೀಯೋ ಬದುಕಿದೀಯೋ..." ಎಂದು ಕೃಷ್ಣಪ್ಪ ಶುರುಮಾಡುವಷ್ಟರಲ್ಲಿ ಓಬಯ್ಯನ ಅಂಗೈ ಅವನ ಬಾಯಿಯ ಮೇಲಿತ್ತು.

"ಮೆಲ್ಲಗೆ ಕಣೋ. ಅಪ್ಪ ಮಲಗಿದ್ದಾರೆ. ಆ ಗೋಣಿ ಇದೆಯಲ್ಲ, ಅದು ಕಂಡ್ರೆ ಯಾರೂ ಮಾತಾಡಬಾರದು."

ಕೃಷ್ಣಪ್ಪ ಒಳ್ಳೆಯ ಹುಡುಗ. ತಲೆ ಅಲ್ಲಾಡಿಸಿದ. ಆದರೆ ಅವನ ಪಿಸುಮಾತು ಎಂದರೆ ಉಳಿದವರ ಮಾತು. ಹೊಂಗೆಯ ಕೆಳಗೆ ಕೂತು ಟವಲು ಬಿಚ್ಚಿದರು. ಹುಳಿ ಮಾವಿನಕಾಯಿ, ಕಾಗದದಲ್ಲಿ ಉಪ್ಪು ಖಾರ. ಲೈನಿನ ಹುಡುಗರಿಗೂ ಒಂದೊಂದು ಹೋಳು ಹೋಯಿತು. ಎಷ್ಟೋ ದಿನದ ಮೇಲೆ ಓಬಯ್ಯನ ಹಲ್ಲು ಹುಳಿಗೆ ಜುಮ್ಮೆಂದಿತು. ತುಂಗೆಯಲ್ಲಿ ನೀರು ಎಲ್ಲಿಗೆ ಇಳಿದಿದೆ, ಯಾವ ತೋಟದವನು ನಾಯಿ ಸಾಕಿದ್ದಾನೆ, ಟೂರಿಂಗ್ ಟಾಕೀಸಿನ ಡೇರೆ ಎಲ್ಲಿ ಹರಿದಿದೆ, ಎಲ್ಲ ವರದಿಯಾಯಿತು. ಕೇಳುತ್ತ ಕೇಳುತ್ತ ಓಬಯ್ಯನಿಗೆ ಅಳು ಬಂದಂತಾಯಿತು.

ಅಷ್ಟರಲ್ಲಿ ಲೈನಿನ ಹುಡುಗರು ಆಟ ಶುರುಮಾಡಿದ್ದರು. ಶಿವಮೊಗ್ಗದವರು ಕಣ್ಣು ಬಿಟ್ಟುಕೊಂಡು ನೋಡಿದರು. ಪಕ್ಕದ ಮನೆಯ ತಮಿಳರ ಹುಡುಗ ಮುನಿಸ್ವಾಮಿ ಬರೀ ತುಟಿ ಆಡಿಸುತ್ತ ಆ ಕಡೆ ಈ ಕಡೆ ಹಾರುತ್ತಿದ್ದುದನ್ನು ಕಂಡು ನಗು ತಡೆಯಲಾರದೆ ಟವಲಿನ ತುದಿಯನ್ನು ಬಾಯಿಗೆ ತುರುಕಿಕೊಂಡರು.

"ಇದೆಂಥ ಆಟಾನೋ! ಮೂಗರ ಚೆಡುಗುಡು. ನಾನೂ ಆಡ್ತೀನಿ, ಒಂದೇ ಒಂದು ಸಲ," ಎಂದ ಕೃಷ್ಣಪ್ಪ.

ಬೇಡ ಅನ್ನಬೇಕಿತ್ತು. ಓಬಯ್ಯ ಅನ್ನಲಿಲ್ಲ. ಜಗಲಿಯಲ್ಲಿ ಕೂತು ಕೂತು ಅವನಿಗೂ ಮೈ ಜಡ್ಡುಗಟ್ಟಿತ್ತು. "ಬಾಯಿ ತೆಗೀಬೇಡ ಮತ್ತೆ," ಎಂದು ಮಾತ್ರ ಹೇಳಿ ತಾನೂ ಅಂಗಿ ಬಿಚ್ಚಿ ಅವನ ಪಕ್ಷದಲ್ಲಿ ನಿಂತ.

ಮೊದಲ ಸಲ ಕೃಷ್ಣಪ್ಪ ತುಟಿ ಆಡಿಸಿಕೊಂಡೇ ಹೋಗಿ ಬಂದ. ಎರಡನೆಯ ಸಲ ಮುನಿಸ್ವಾಮಿ ಅವನ ಕಣಕಾಲು ಹಿಡಿದುಬಿಟ್ಟ. ಹಿಡಿದ ಮೇಲೆ ಕೃಷ್ಣಪ್ಪನಿಗೆ ಲೈನೂ ಇಲ್ಲ, ಗೋಣಿಯೂ ಇಲ್ಲ, ತುಂಗೆಯ ಮರಳೇ ಕಂಡಿರಬೇಕು. "ಚೆಡುಗುಡು ಗುಡುಗುಡು ಗುಡುಗುಡು!" ಎಂದು ಇಡೀ ಬಯಲು ನಡುಗುವ ಹಾಗೆ ಅಬ್ಬರಿಸಿ, ಮೈಮೇಲೆ ಬಿದ್ದ ಮೂವರನ್ನೂ ಎಳೆದುಕೊಂಡೇ ನುಗ್ಗಿದ. ಗೆರೆ ದಾಟಿದ್ದೇನೋ ಸರಿ, ಆದರೆ ನಿಲ್ಲಲಾಗಲಿಲ್ಲ. ನಾಲ್ವರೂ ಹೋಗಿ ಮಾರಪ್ಪನ ಮನೆಯ ಗೋಡೆಗೆ ಒರಗಿಸಿದ್ದ ಬಚ್ಚಲಿನ ತಗಡಿನ ಮೇಲೆ ಬಿದ್ದರು. ತಗಡು ಗೋಡೆಗೆ ಬಡಿದು, ಕಲ್ಲಿಗೆ ಬಡಿದು, ಮತ್ತೆ ಅವರ ಮೇಲೇ ಬಿತ್ತು. ಹೊಂಗೆ ಮರದಲ್ಲಿದ್ದ ಹಕ್ಕಿಗಳೆಲ್ಲ ಎದ್ದುಹೋದವು.

ಲೈನಿನ ಗೋಣಿಗಳು ಒಂದೊಂದಾಗಿ ಸರಿದವು. ಮುನಿಸ್ವಾಮಿಯ ಅಪ್ಪ ಪಂಚೆ ಸುತ್ತಿಕೊಳ್ಳುತ್ತ ತಮಿಳಿನಲ್ಲಿ ಬೈದುಕೊಂಡು ಬಂದ. ಅದರಾಚೆಯವನು ಬಂದ. ಲೈನಿನ ಮೊದಲ ಮನೆಯಿಂದ ಮೇಸ್ತ್ರಿಯ ಹೆಂಡತಿ ಪುಷ್ಪಮ್ಮನೂ ಬಂದಳು. ಯಾರ ಮನೆಯ ಗೋಡೆಗೆ ತಗಡು ಬಡಿದಿತ್ತೋ ಆ ಮನೆಯ ಗೋಣಿ ಮಾತ್ರ ಮಿಸುಕಲಿಲ್ಲ.

ಓಬಯ್ಯನಿಗೆ ಮೊದಲು ಅನ್ನಿಸಿದ್ದು ಸಮಾಧಾನ. ಸದ್ಯ, ಅಪ್ಪ ಏಳಲಿಲ್ಲ.

"ಏನೋ ಓಬಯ್ಯ, ಲೈನಿಗೆ ಲೈನೇ ಎದ್ದೈತೆ, ನಿಮ್ಮಪ್ಪ ಏಳ್ಲೇ ಇಲ್ವಲ್ಲೋ?" ಎಂದಳು ಪುಷ್ಪಮ್ಮ. ನಗುತ್ತಲೇ ಅಂದಳು. ಆಮೇಲೆ ನಗು ನಿಲ್ಲಿಸಿ ಆ ಬಾಗಿಲನ್ನೇ ನೋಡುತ್ತ ನಿಂತಳು.

ಆಗ ಕರಿಬಸಮ್ಮ ನೀರು ಹೊತ್ತುಕೊಂಡು ಬಂದಳು. ಬಿದ್ದ ತಗಡು ಕಂಡಳು, ಜನ ಕಂಡಳು, ಪುಷ್ಪಮ್ಮನನ್ನು ಕಂಡಳು. ಬೈಯಲಿಲ್ಲ. ಎಂದೂ ದಾರಿಯ ಮಧ್ಯೆ ಕೊಡ ಇಳಿಸದವಳು ನಿಂತಲ್ಲೇ ಕೊಡ ಇಳಿಸಿ ಗೋಣಿ ಸರಿಸಿ ಒಳಗೆ ಹೋದಳು. ಅವಳ ಮುಖದಲ್ಲಿದ್ದದ್ದು ಸಿಟ್ಟಲ್ಲ, ಹೆದರಿಕೆ ಎಂದು ಓಬಯ್ಯನಿಗೆ ಕಂಡಿತು. ಅವನೂ ಹಿಂದೆಯೇ ಒಳಗೆ ಹೋದ.

ಮಾರಪ್ಪ ಗೋಡೆಯ ಕಡೆಗೆ ತಿರುಗಿ ಮಲಗಿದ್ದ. ತಗಡು ಬಡಿದ ಗೋಡೆಯೇ ಅದು. ಗೋಡೆಯ ಸುಣ್ಣ ಚಕ್ಕೆಚಕ್ಕೆಯಾಗಿ ಎದ್ದು ಅವನ ಹೆಗಲ ಮೇಲೆ, ಕಿವಿಯ ಮೇಲೆ ಬಿದ್ದಿತ್ತು. ಬಾಯಿ ತೆರೆದುಕೊಂಡು, ಎಳೆಮಗುವಿನ ಹಾಗೆ ನಿದ್ದೆ ಮಾಡುತ್ತಿದ್ದ.

"ಅಮ್ಮಾ, ಅಪ್ಪನಿಗೇನಾಯ್ತು?" ಓಬಯ್ಯ ಪಿಸುಗುಟ್ಟಿದ.

"ಏನೂ ಆಗಿಲ್ಲ. ಕೇಳಿಸಲ್ಲ ಕಣೋ ಅವರಿಗೆ." ಕರಿಬಸಮ್ಮನ ದನಿ ಅವಳ ಬಾಯಿಂದಾಚೆ ಬರಲಿಲ್ಲ. "ಎರಡೂ ಕಿವಿ ಹೋಗಿ ವರ್ಷದ ಮೇಲಾಯ್ತು. ಆ ಬೆಂಕಿ ಹತ್ರದ ಭೋರ್ಗರೆತ, ಇನ್ನೇನಾಗತ್ತೆ? ಕಬ್ಬಿಣ ಬಿಡೋವಾಗ ಸೀಟಿ ಊದ್ತಾರೆ, ಅದು ಕೇಳದವನನ್ನ ಅಲ್ಲಿ ಇಟ್ಕೊಳ್ಳಲ್ಲ. ಪಕ್ಕದವನ ಕಾಲು ನೋಡ್ಕೊಂಡು ಕೆಲಸ ಮಾಡ್ತಾ ಇದ್ರು. ಅವನು ಹಿಂದಕ್ಕೆ ಸರಿದ್ರೆ ಇವರೂ ಸರಿಯೋದು. ಅವತ್ತು ಪಕ್ಕದವನು ಹೊಸಬ, ತಡ ಮಾಡ್ದ."

"ತೂಕಡಿಸಿದೆ ಅಂತ ಅಂದ್ರಲ್ಲ..."

"ಇನ್ನೇನು ಅನ್ನಲಿ? ಕಿವುಡ ಅನ್ನೋದಕ್ಕಿಂತ ತೂಕಡಿಸಿದೆ ಅನ್ನೋದು ವಾಸಿ ಅಲ್ವಾ."

"ಹಾಗಾದ್ರೆ ನಾನು ಇಷ್ಟು ದಿನ ಯಾಕೆ..." ಕಲ್ಲಿನ ಗುಡ್ಡೆ, ಕಾಗೆ, ಐಸಿನವನ ಗಂಟೆ ಎಲ್ಲ ಒಟ್ಟಿಗೆ ಓಬಯ್ಯನ ಕಣ್ಣೆದುರು ಬಂದವು.

"ಸದ್ದಾದ್ರೆ ಏಳ್ಬೇಕಲ್ಲ ಮಗ. ಏಳ್ದೇ ಇದ್ರೆ ಜನ ನೋಡ್ತಾರಲ್ಲ," ಎಂದಳು ಕರಿಬಸಮ್ಮ. "ಈಗ ನೋಡ್ತಾ ನಿಂತಿದ್ದಾಳೆ ಹೊರಗೆ, ಮೇಸ್ತ್ರಿ ಹೆಂಡ್ತಿ."

ಅವಳು ಗಂಡನ ಸುಡದ ಕಾಲಿನ ಹೆಬ್ಬೆರಳು ಹಿಡಿದು ಅದುಮಿದಳು. ಮಾರಪ್ಪ ತಟ್ಟನೆ ಎದ್ದು ಕೂತು ಹೆಂಡತಿಯ ಮುಖ ನೋಡಿದ. ಅವಳು ತುಟಿಯಲ್ಲೇ ಎರಡು ಮಾತು ಹೇಳಿ ಬಾಗಿಲ ಕಡೆಗೆ ಕಣ್ಣು ತೋರಿಸಿದಳು. ಆಮೇಲೆ ಅವನ ದೃಷ್ಟಿ ಮಗನ ಕಡೆಗೆ ತಿರುಗಿತು. ಮಗನಿಗೆ ತಿಳಿದುಹೋಗಿದೆ ಎಂದು ಅವನಿಗೂ ಗೊತ್ತಾಯಿತು. ಅಪ್ಪ ಕಣ್ಣು ಕೆಳಗೆ ಹಾಕಿದ್ದನ್ನು ಓಬಯ್ಯ ಹುಟ್ಟಿದಾಗಿನಿಂದ ಕಂಡಿರಲಿಲ್ಲ. ಅದನ್ನು ನೋಡಬಾರದಿತ್ತು ಅನ್ನಿಸಿತು.

ಮಾರಪ್ಪ ಎದ್ದ, ಕುಂಟುತ್ತ ಹೋಗಿ ಗೋಣಿಯನ್ನು ಕಿತ್ತೆಸೆದು ಗುಡುಗಿದ. "ಯಾವನಲೇ ಅವನು! ರಾತ್ರಿಯೆಲ್ಲ ಬೆಂಕಿ ಮುಂದೆ ಸತ್ತು ಬಂದಿರ್ತೀನಿ, ಒಂದು ಗಳಿಗೆ ಕಣ್ಣು ಮುಚ್ಚೋಕೆ ಬಿಡಲ್ವೇನಲೇ! ಯಾರಿಗೆ ಹುಟ್ಟಿದ್ಯೋ ನೀನು, ಕಣ್ಣು ಕಾಣಲ್ವಾ ನಿಂಗೆ?"

ಎದುರಿಗೆ ಸಿಕ್ಕಿದ್ದು ಪಾಪದ ಮುನಿಸ್ವಾಮಿ. ಹುಡುಗ ತಲೆ ತಗ್ಗಿಸಿದ.

"ಅವನಲ್ಲ, ನಾನು ಬಿದ್ದಿದ್ದು. ತಪ್ಪಾಯ್ತು," ಎಂದ ಪಕ್ಕದಲ್ಲಿ ನಿಂತಿದ್ದ ಕೃಷ್ಣಪ್ಪ. ಮರ್ಯಾದಸ್ಥರ ಮನೆಯ ಹುಡುಗ, ತನ್ನ ತಪ್ಪಿಗೆ ಇನ್ನೊಬ್ಬ ಬೈಸಿಕೊಳ್ಳುವುದು ಅವನಿಗೆ ಸೇರಲಿಲ್ಲ. ಮಾರಪ್ಪ ಮುನಿಸ್ವಾಮಿಯನ್ನೇ ಬೈಯುತ್ತಿದ್ದ. ಕೃಷ್ಣಪ್ಪ ದನಿ ಎತ್ತರಿಸಿದ, ಡ್ರಿಲ್ಲಿನ ದನಿ. "ನಾನು ಕಣ್ರೀ, ನಾನು!"

ಮಾರಪ್ಪ ಅತ್ತ ತಿರುಗಲಿಲ್ಲ. ಪುಷ್ಪಮ್ಮನ ಕಣ್ಣು ಕೃಷ್ಣಪ್ಪನಿಂದ ಮಾರಪ್ಪನಿಗೆ, ಮಾರಪ್ಪನಿಂದ ಕೃಷ್ಣಪ್ಪನಿಗೆ ಹೋಗಿ ಬಂತು.

ಓಬಯ್ಯ ಒಂದೇ ನೆಗೆತಕ್ಕೆ ಜಗಲಿ ಇಳಿದ. ಕೃಷ್ಣಪ್ಪನ ರಟ್ಟೆ ಹಿಡಿದು ಅಪ್ಪನ ಮುಖದ ಮುಂದಕ್ಕೆ ನೂಕಿ, ತಾನೂ ಅವನ ಪಕ್ಕ ನಿಂತು ಕೈ ಮುಗಿದ. "ಇವನು ಅಪ್ಪ, ನನ್ನ ಸ್ನೇಹಿತ. ಶಿವಮೊಗ್ಗದೋನು. ಗೊತ್ತಾಗದೆ ಕೂಗಿಬಿಟ್ಟ," ಎಂದು ಒಂದೊಂದೇ ಮಾತನ್ನು ತುಟಿ ಅಗಲಿಸಿ ಹೇಳಿದ.

"ನೀನೇನಾ?" ಮಾರಪ್ಪ ಬೈಗುಳವನ್ನು ಎಲ್ಲಿ ಬಿಟ್ಟಿದ್ದನೋ ಅಲ್ಲಿಂದಲೇ ಎತ್ತಿಕೊಂಡ. "ಓದಿದೋರು ಮಾಡೋ ಕೆಲ್ಸಾನಾ ಇದು! ಇವನಿಗೆ ಮೊದಲು ಹಾಕ್ಬೇಕು ನಾಲ್ಕು, ಇಂಥೋರನ್ನ ಕರ್ಕೊಂಡು ಬಂದನಲ್ಲ, ಇವನಿಗೆ!" ಎಂದು ಮಗನ ಕೆನ್ನೆಗೊಂದು ಬಿಟ್ಟ. ಜೋರಾಗಿಯೇ ಬಿತ್ತು.

"ಹೋಗ್ಲಿ ಬಿಡಣ್ಣ, ಹುಡುಗ್ರು," ಎಂದಳು ಪುಷ್ಪಮ್ಮ. "ಪಾಪ, ನಿದ್ದೆಗಣ್ಣು. ಕರ್ಕೊಂಡು ಹೋಗಿ ಮಲಗಿಸು ಕರಿಬಸಮ್ಮ." ಕರಿಬಸಮ್ಮ ಗಂಡನ ಮೊಣಕೈ ಹಿಡಿದು ಒಳಗೆ ಕರೆದುಕೊಂಡು ಹೋದಳು. ಪುಷ್ಪಮ್ಮ ಅಲ್ಲಿಂದ ಹೊರಟಳು. ಹೋಗುವಾಗ ಒಮ್ಮೆ ತಿರುಗಿ ನೋಡಿದಳೋ ಇಲ್ಲವೋ ಓಬಯ್ಯನಿಗೆ ಖಾತ್ರಿಯಾಗಲಿಲ್ಲ.

ಓಬಯ್ಯ ಸ್ನೇಹಿತರನ್ನು ಸ್ಟೇಷನ್ನಿನ ದಾರಿಯ ತನಕ ಕಳಿಸಲು ಹೋದ. ಭದ್ರೆಯಲ್ಲಿ ಒಂದು ಮುಳುಗು ಹಾಕೋಣ ಎಂದ ಒಬ್ಬ, ಯಾರಿಗೂ ಮನಸ್ಸಿರಲಿಲ್ಲ.

"ನನ್ನಿಂದ ನಿಂಗೆ ಏಟು ಬಿತ್ತಲ್ಲೋ," ಎಂದು ಕೃಷ್ಣಪ್ಪ ಹತ್ತು ಸಲ ಹೇಳಿದ. "ನಮ್ಮೂರಿಗೆ ಬಂದ್ಬಿಡು ಮಾರಾಯ, ಹೊಳೇಲಿ ಎಷ್ಟು ಬೇಕಾದ್ರೂ ಕೂಗಬಹುದು. ನಿಮ್ಮಪ್ಪನ ಕಿವಿ ಭಾರೀ ಚುರುಕಪ್ಪ. ಇಂಥೋರ ಮನೇಲಿ ನೀನು ಹೆಂಗಿರ್ತೀಯೋ!"

"ಹೂಂ ಕಣೋ," ಎಂದ ಓಬಯ್ಯ. "ಕಾಗೆ ಕೂತ್ರೂ ಎದ್ದುಬಿಡ್ತಾರೆ."

ಒಬ್ಬನೇ ವಾಪಸು ಬರುವಾಗ ಅವನಿಗೆ ಭಾನುವಾರದ ಸಂಜೆಗಳು ನೆನಪಾದವು. ರೈಲಿಗೆ ಹೊರಡುವಾಗ ಅಪ್ಪ ಬೆನ್ನು ಮಾಡಿಕೊಂಡು ಸೊಂಟಕ್ಕೆ ಗೋಣಿ ಕಟ್ಟಿಕೊಳ್ಳುತ್ತಿರುತ್ತಿದ್ದ. ಓಬಯ್ಯ ಬಾಗಿಲಲ್ಲಿ ನಿಂತು 'ಹೋಗಿ ಬರ್ತೀನಪ್ಪ' ಅನ್ನುತ್ತಿದ್ದ. ಅಪ್ಪ ತಿರುಗುತ್ತಿರಲಿಲ್ಲ. ಹೆಮ್ಮೆಯ ಮನುಷ್ಯ, ಕಣ್ಣಲ್ಲಿ ನೀರು ತೋರಿಸುವುದು ಅವನಿಗೆ ಆಗುವುದಿಲ್ಲ ಎಂದು ಓಬಯ್ಯ ತನಗೆ ತಾನೇ ಹೇಳಿಕೊಂಡು ಹೋಗುತ್ತಿದ್ದ. ವರ್ಷವೆಲ್ಲ ಹೋಗಿ ಬರ್ತೀನಿ ಎಂದು ಗೋಡೆಗೆ ಹೇಳಿದಂತಾಗಿತ್ತು. ದಾರಿಯಲ್ಲಿ ಯಾರೂ ಇರಲಿಲ್ಲವಾದ್ದರಿಂದ ಸ್ವಲ್ಪ ಹೊತ್ತು ಅತ್ತ.

ಸಂಜೆ ಪಾಳಿಗೆ ಕರೆಯಲು ಕಾರ್ಖಾನೆಯ ಸೈರನ್ ಕೂಗಿತು. ಅಪ್ಪನಿಗೆ ಅದು ಕೇಳಿಸಲಿಲ್ಲ. ಅಮ್ಮ ಉಣ್ಣುವ ತಟ್ಟೆಯನ್ನು ಅವನ ಮುಂದೆ ಇಟ್ಟಳು. ಆ ತಟ್ಟೆಯೇ ಅವನಿಗೆ ಕೂಗು ಎಂದು ಓಬಯ್ಯ ಈಗ ಗಮನಿಸಿದ. ಮಾರಪ್ಪ ಉಂಡು, ಗೋಣಿ ನೆನೆಸಿ ಹಿಂಡಿಕೊಂಡು ಹೊರಟ. ಬಾಗಿಲಲ್ಲಿ ಓಬಯ್ಯ ಅಡ್ಡಲಾಗಿ ಎದುರಿಗೇ ನಿಂತ. ಹೊಂಗೆಯ ಕೆಳಗೆ ಚಿಕ್ಕಂದಿನಿಂದ ಆಡಿದ ಹಾಗೆಯೇ, ಗಂಟಲಿನಿಂದ ಸೊಲ್ಲು ಹೊರಡಿಸದೆ, ಬರೀ ತುಟಿಯಲ್ಲಿ, "ಹುಷಾರಾಗಿ ಹೋಗಿ ಬನ್ನಿ ಅಪ್ಪ" ಎಂದ.

ಮಾರಪ್ಪ ಮಗನ ತುಟಿ ನೋಡಿದ, ಇನ್ನೂ ಕೆಂಪಾಗಿದ್ದ ಕೆನ್ನೆ ನೋಡಿದ. ಸುಣ್ಣದ ಚೂರು ಇನ್ನೂ ಅಪ್ಪನ ಕೂದಲಲ್ಲಿತ್ತು.

"ಇನ್ನೊಂದು ವರ್ಷ ಅಷ್ಟೇ ಅಲ್ವೇನೋ ನಿಂದು," ಎಂದ. "ಅಷ್ಟು ದಿನ ತಳ್ತೀನಿ."

ಮಾರನೆಯ ದಿನ ಮಧ್ಯಾಹ್ನ ಗೋಣಿ ಮತ್ತೆ ತೂಗುತ್ತಿತ್ತು. ಓಬಯ್ಯ ಜಗಲಿಯ ಮೇಲೆ, ಪಕ್ಕದಲ್ಲಿ ಕಲ್ಲಿನ ಗುಡ್ಡೆ. ಹೊಂಗೆಯ ಕೆಳಗಿನಿಂದ ಮುನಿಸ್ವಾಮಿ ಬಾ ಎಂದು ಕೈ ಮಾಡಿದ. ಓಬಯ್ಯ ಆಗುವುದಿಲ್ಲ ಎಂದು ತಲೆ ಅಲ್ಲಾಡಿಸಿದ. ಬಿಸಿಲು ಮೊಣಕಾಲಿಗೆ ಬಂದಿತ್ತು. ನಿದ್ದೆ ಇಲ್ಲದ ಕಣ್ಣುಗಳು ಉರಿಯುತ್ತಿದ್ದವು. ಇಡೀ ಲೈನು ಬೆಚ್ಚಿ ಏಳುವ ಹಾಗೆ ಒಂದು ಸಲ ಕೂಗಿಬಿಡಬೇಕು ಅನ್ನಿಸಿತು, ಕೂಗಿದರೂ ಅಪ್ಪ ಏಳುವುದಿಲ್ಲ ಎಂದು ನೆನಪಾಯಿತು.

ಪುಷ್ಪಮ್ಮ ಕೊಡ ಹಿಡಿದು ನಲ್ಲಿಯ ಕಡೆಗೆ ಬರುತ್ತಿದ್ದಳು. ಓಬಯ್ಯನ ಮನೆಯ ಬಾಗಿಲ ಮುಂದೆ ಅವಳ ನಡಿಗೆ ನಿಧಾನವಾಯಿತು. ಆಗಲೇ ಹಂಚಿನ ಮೇಲೆ ಕಾಗೆಯೊಂದು ಬಂದು ಕೂತು ಕಾ ಎಂದಿತು.

ಓಬಯ್ಯ ಗಾಬರಿಯಾದವನ ಹಾಗೆ ಎದ್ದ. ಕಲ್ಲು ಬೀಸಿ ಕಾಗೆಯನ್ನು ಎಬ್ಬಿಸಿದ. ಪುಷ್ಪಮ್ಮನ ಕಡೆಗೆ ತಿರುಗಿ ತುಟಿಯ ಮೇಲೆ ಬೆರಳಿಟ್ಟು ಗೋಣಿಯನ್ನು ತೋರಿಸಿದ. ಅವಳು ಅವನ ಮುಖವನ್ನೂ ಗೋಣಿಯನ್ನೂ ಒಮ್ಮೆ ನೋಡಿದಳು. ಆಮೇಲೆ ಕೈಬಳೆಗಳನ್ನು ಮೊಣಕೈಯ ತನಕ ಸರಿಸಿ ಹಿಡಿದುಕೊಂಡು, ಒಂದಿಷ್ಟೂ ಸದ್ದಾಗದಂತೆ ದಾಟಿ ಹೋದಳು.